ನೆರೆ ಸಂತ್ರಸ್ತೆಯ ಬಹಿರಂಗ ಪತ್ರ

ತುಮಕೂರು

ಮಾನ್ಯ ನೆರೆಹೊರೆಯವರಿಗೆ, ಬಂಧುಬಳಗದವರಿಗೆ, ನಮ್ಮ ಬ್ರಾಂಚಿನ ಸಹೋದ್ಯೋಗಿಗಳಿಗೆ ಹಾಗೂ ನನ್ನ ತಲೆಯ ಸಮಸ್ತ ಹಿತಚಿಂತಕರಿಗೆ,

ನಾನು ಕ್ಷೇಮ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹದಿನೆಂಟು ತಿಂಗಳಿಂದ ನೀವೆಲ್ಲ ಕೇಳುತ್ತಿರುವ ಮೊದಲ ಪ್ರಶ್ನೆ ಅದೇ: "ಹುಷಾರಾಗಿದೀರಾ?" ಹುಷಾರಾಗಿದ್ದೇನೆ. ಶುಗರ್ ಅಂಚಿನಲ್ಲಿದೆ, ದಾಟಿಲ್ಲ. ಮನೆಯಲ್ಲಿ ಯಾರೂ ಹೋಗಿಲ್ಲ. ಯಜಮಾನರ ಜತೆ ಜಗಳ ಇದ್ದೇ ಇದೆ, ಅದು ಇಪ್ಪತ್ತೇಳು ವರ್ಷದಿಂದ ಇರುವುದೇ. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಅಷ್ಟೇ ಎಂದರೆ ನೀವು ಬಿಡುವವರಲ್ಲ ಎಂದು ಗೊತ್ತು. ಅದಕ್ಕೇ ಈ ಪತ್ರ. ಒಬ್ಬೊಬ್ಬರಿಗೂ ಗೇಟಿನ ಹತ್ತಿರ, ತರಕಾರಿ ಗಾಡಿಯ ಮುಂದೆ, ಛತ್ರದಲ್ಲಿ ಕೈ ತೊಳೆಯುವ ನಲ್ಲಿಯ ಬಳಿ ನಿಂತು ಬೇರೆ ಬೇರೆಯಾಗಿ ಉತ್ತರ ಹೇಳಿ ಗಂಟಲು ನೋಯುತ್ತಿದೆ.

ನಮ್ಮ ಭಾಷೆಗೆ ಎಂಥ ಮುಂದಾಲೋಚನೆ ನೋಡಿ. ನೆರೆ ಅಂದರೆ ಹೊಳೆ ಉಕ್ಕಿ ಬರುವುದು. ನೆರೆ ಅಂದರೆ ಪಕ್ಕದ ಮನೆ. ನೆರೆ ಅಂದರೆ ಬಿಳಿಗೂದಲು. ಹಳಬರು ಕೂದಲಿನದಕ್ಕೆ ನರೆ ಎಂದು ಬರೆದು ಕೊಂಚ ಅಂತರ ಕಾಯ್ದುಕೊಂಡಿದ್ದರು, ಆಡುಮಾತಿನಲ್ಲಿ ನಾವು ಅದನ್ನೂ ಕಲಸಿಬಿಟ್ಟೆವು. ಮೂರಕ್ಕೂ ಒಂದೇ ಪದ ಏಕೆ ಎಂದು ಹೈಸ್ಕೂಲಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಈಗ ತಲೆಯೇ ಉತ್ತರ ಕೊಟ್ಟಿದೆ: ಮೂರನೆಯ ನೆರೆ ಕಾಣಿಸಿಕೊಂಡ ಮರುದಿನವೇ ಎರಡನೆಯ ನೆರೆ ಮೊದಲನೆಯದರ ಹಾಗೆ ಮನೆಯೊಳಗೆ ನುಗ್ಗುತ್ತದೆ. ನೆರೆ ಪರಿಹಾರವೂ ಹಿಂದೆಯೇ ಬರುತ್ತದೆ. ಸರ್ಕಾರದ ಪರಿಹಾರಕ್ಕಾದರೆ ಸಮೀಕ್ಷೆ ಆಗಬೇಕು, ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮದು ಅರ್ಜಿ ಹಾಕದೆಯೇ ಬಾಗಿಲಿಗೆ ಬಂತು.

ನನಗೆ ಈವರೆಗೆ ವಿತರಣೆಯಾದದ್ದನ್ನು ದಾಖಲಿಸಿಡುವುದು ಧರ್ಮ. ಮೂರನೇ ಮನೆಯವರು ಗರುಗದ ಸೊಪ್ಪು ಕುದಿಸಿದ ಕೊಬ್ಬರಿ ಎಣ್ಣೆಯನ್ನು ಹಾರ್ಲಿಕ್ಸ್ ಬಾಟಲಿ ತುಂಬ ಕೊಟ್ಟರು; ತಲೆಗೆ ತಂಪು, ದಿಂಬಿಗೆ ಹಸಿರು. ಎದುರು ಮನೆಯವರು ಖಾಲಿ ಹೊಟ್ಟೆಗೆ ಕರಿಬೇವು ಅಗಿಯಿರಿ ಎಂದರು. ನಾನು ಅಗಿದೆ, ಒಗ್ಗರಣೆಗೆ ಉಳಿಯಲಿಲ್ಲ. ಬೋರ್‌ವೆಲ್ ನೀರಿನ ದೋಷ ಎಂದವರೊಬ್ಬರು. ಅದೇ ಬೋರ್‌ವೆಲ್ ನೀರು ಕುಡಿಯುವ ಅವರ ತಲೆ ಕಪ್ಪಗಿರುವುದು ಹೇಗೆಂದು ಕೇಳುವಷ್ಟು ಒರಟಳು ನಾನಲ್ಲ. ನಮ್ಮ ಬ್ರಾಂಚಿನ ಹುಡುಗಿ "ನ್ಯಾಚುರಲ್, ಕೆಮಿಕಲ್ಲೇ ಇಲ್ಲ, ಬರೀ ಮೆಹಂದಿ ಮೇಡಂ" ಎಂದು ಒಂದು ಕಪ್ಪು ಪುಡಿಯ ಪೊಟ್ಟಣವನ್ನು ಡ್ರಾದಲ್ಲಿ ಇಟ್ಟುಹೋಗಿದ್ದಾಳೆ. ಮದರಂಗಿ ಎಲ್ಲಾದರೂ ಕಪ್ಪು ಹತ್ತಿದ್ದುಂಟೇನಮ್ಮ? ಮದುವೆ ಮನೆಯ ಅಂಗೈ ನೋಡಿಲ್ಲವೆ? ಮದರಂಗಿಗೆ ಗೊತ್ತಿರುವುದು ಕೆಂಪು ಮಾತ್ರ. ಅರ್ಧ ಗಂಟೆಯಲ್ಲಿ ಕರಿ ಹತ್ತಿಸುತ್ತದೆ ಎಂದರೆ ಆ ಪೊಟ್ಟಣದೊಳಗೆ ಮದರಂಗಿಯ ಹೆಸರಿನಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂದೇ ಅರ್ಥ.

ಹಾಗೆ ಕೂತವರ ಪರಿಚಯ ನನಗೆ ಚೆನ್ನಾಗಿದೆ. ಹೆಸರು ಪ್ಯಾರಾಫಿನೈಲಿನ್‌ಡಯಮಿನ್, ಚಿಕ್ಕದಾಗಿ ಪಿಪಿಡಿ. ಒಂದು ಕಾಲಕ್ಕೆ ಪ್ರಾಣಿಗಳ ತುಪ್ಪಳಕ್ಕೂ ಇದರಿಂದಲೇ ಬಣ್ಣ ಕಟ್ಟುತ್ತಿದ್ದರಂತೆ. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಷೂಲರ್ ಎಂಬ ಯುವ ರಸಾಯನಶಾಸ್ತ್ರಜ್ಞ ತಲೆಗೂದಲ ಬಣ್ಣ ತಯಾರಿಸಿ ಕ್ಷೌರದಂಗಡಿಗಳಿಗೆ ಮಾರಲು ಹೊರಟ. ಎರಡು ವರ್ಷಕ್ಕೆ ಅದು ಕಂಪನಿಯಾಯಿತು. ಡಬ್ಬಿಯಲ್ಲಿ ಅಮೋನಿಯಾ ಇದ್ದರೆ ಅದು ಕೂದಲಿನ ಹೊರಪದರವನ್ನು ಉಬ್ಬಿಸಿ ಬಾಗಿಲು ತೆಗೆಯುತ್ತದೆ. ಪಿಪಿಡಿ ಒಳಗೆ ಹೋಗುವಾಗ ಬಣ್ಣವೂ ಇಲ್ಲ, ಗಾತ್ರವೂ ಇಲ್ಲ. ಒಳಗೆ ಹೋಗಿ ಪೆರಾಕ್ಸೈಡ್ ಜತೆ ಸೇರಿದ ಮೇಲೆ ದಪ್ಪಗಾಗಿ, ಕಪ್ಪಾಗಿ, ಬಂದ ದಾರಿಯಲ್ಲಿ ಹೊರಡಲಾಗದೆ ಅಲ್ಲೇ ಠಿಕಾಣಿ ಹೂಡುತ್ತದೆ. ಬೇಸಿಗೆ ರಜೆಗೆ ಬರುವ ನೆಂಟರ ಹಾಗೆ.

ಈ ನೆಂಟರನ್ನು ನಾನು ಮೂವತ್ತನಾಲ್ಕನೇ ವಯಸ್ಸಿನಿಂದ ಐವತ್ತೆರಡರವರೆಗೆ ಸಾಕಿದೆ. ಮೂರು ವಾರಕ್ಕೊಮ್ಮೆ, ತಪ್ಪದೆ. ಬ್ಯಾಂಕಿನವಳಲ್ಲವೆ, ಲೆಕ್ಕ ಹಾಕದಿದ್ದರೆ ನಿದ್ದೆ ಬರುವುದಿಲ್ಲ: ವರ್ಷಕ್ಕೆ ಹದಿನೇಳು ಸಲ, ಹದಿನೆಂಟು ವರ್ಷಕ್ಕೆ 306 ಸಲ. ಒಂದು ಸಲಕ್ಕೆ ಒಂದೂವರೆ ಗಂಟೆ ಎಂದರೆ 459 ಗಂಟೆ, ಅಂದರೆ ರಾತ್ರಿ ಹಗಲು ಸೇರಿಸಿ ಹತ್ತೊಂಬತ್ತು ದಿನ. ನಮಗೆ ವರ್ಷಕ್ಕೆ ಸಿಗುವ ಸಿ.ಎಲ್. ಹನ್ನೆರಡೇ.

ಆ ಒಂದೂವರೆ ಗಂಟೆ ಹೇಗಿರುತ್ತದೆಂದು ಗಂಡಸರಿಗಾಗಿ ಹೇಳುತ್ತೇನೆ. ಹೆಂಗಸರು ಓದದೆ ಮುಂದೆ ಹೋಗಬಹುದು. ಭಾನುವಾರ ಬೆಳಿಗ್ಗೆ. ಬಚ್ಚಲಿನ ನೆಲಕ್ಕೆ ಹಳೆ ಪೇಪರ್. ಮೈಮೇಲೆ ಅದಕ್ಕೆಂದೇ ಇಟ್ಟ ನೈಟಿ. ಮೊದಲು ಅದರ ಮೇಲೆ ಗುಲಾಬಿ ಹೂವಿದ್ದವು, ಈಗ ಎಲ್ಲವೂ ಅಮಾವಾಸ್ಯೆ. ಹಣೆಯ ಅಂಚಿಗೆ, ಕಿವಿಯ ಸುತ್ತ ವ್ಯಾಸಲೀನ್. ಕಪ್ಪಾದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿದ್ದನ್ನು ಬೈತಲೆಯಿಂದ ಶುರುಮಾಡಿ ಎಳೆ ಎಳೆಯಾಗಿ ಬಿಡಿಸಿ ಹಚ್ಚಬೇಕು. ಕೆನ್ನೆಯ ಪಕ್ಕದ ಮರಿಗೂದಲಿಗೆ ಬ್ರಷ್ ದೊಡ್ಡದಾಗುತ್ತದೆ, ಅದಕ್ಕೆ ಮಗನ ಹಳೆ ಟೂತ್‌ಬ್ರಷ್. ಹಿಂದಲೆ ಕಾಣುವುದಿಲ್ಲ, ದೇವರ ಮೇಲೆ ಭಾರ. ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಾಗಲೇ ಸರಿಯಾಗಿ ಕಾಲಿಂಗ್ ಬೆಲ್ ಆಗುತ್ತದೆ. ಹದಿನೆಂಟು ವರ್ಷದಲ್ಲಿ ನಾನು ಕೊರಿಯರ್‌ನವನಿಗೆ ಬಾಗಿಲ ಸಂದಿಯಿಂದ ಒಂದು ಕೈ ಮಾತ್ರ ಚಾಚಿದ್ದೇನೆ. ಆ ಕೈಯೂ ಕಪ್ಪು. ಅವನು ಏನು ತಿಳಿದುಕೊಂಡನೋ.

ಇಷ್ಟೆಲ್ಲ ಮಾಡಿ ಸೋಮವಾರ ಕೌಂಟರಿನಲ್ಲಿ ಕೂತರೆ ಎಲ್ಲರಿಗೂ ಗೊತ್ತು ಇದು ಬಣ್ಣ ಎಂದು. ನನಗೂ ಗೊತ್ತು ಅವರಿಗೆ ಗೊತ್ತೆಂದು. ಎಲ್ಲರೂ ಸೇರಿ ಗೊತ್ತಿಲ್ಲದ ಹಾಗೆ ಇರುತ್ತಿದ್ದೆವು. ಆ ಒಪ್ಪಂದವನ್ನು ನಾನು ಏಕಪಕ್ಷೀಯವಾಗಿ ಮುರಿದೆ ಎನ್ನುವುದೇ ನಿಮ್ಮ ಸಂಕಟದ ಮೂಲ ಎಂದು ನನ್ನ ಗುಮಾನಿ.

ಮುರಿದದ್ದು ಧೈರ್ಯದಿಂದ ಅಲ್ಲ. ಒಂದು ಸೋಮವಾರ ಎದ್ದರೆ ಎರಡೂ ಕಣ್ಣಿನ ರೆಪ್ಪೆ ಊದಿ ಗುಲಾಬ್ ಜಾಮೂನಿನ ಹಾಗಾಗಿದ್ದವು. ಕತ್ತಿನ ಹಿಂದೆ ಉರಿ, ಕಿವಿಯಲ್ಲಿ ನೀರು ಸೋರಿಕೆ. ಚರ್ಮದ ಡಾಕ್ಟರು ಏನೂ ಕೇಳದೆ "ತಲೆಗೇನು ಹಚ್ತೀರಿ?" ಎಂದರು. "ಹದಿನೆಂಟು ವರ್ಷದಿಂದ ಇದನ್ನೇ ಹಚ್ತಿದೀನಿ ಡಾಕ್ಟ್ರೇ, ಏನೂ ಆಗಿರಲಿಲ್ಲ" ಎಂದೆ. "ಎಷ್ಟೋ ವರ್ಷ ಸುಮ್ಮನಿದ್ದು ಒಂದಿನ ತಿರುಗಿಬೀಳೋದೇ ಅಲರ್ಜಿಯ ಸ್ವಭಾವ" ಎಂದರು. ಮನೆಗೆ ಬಂದು ಮೊದಲ ಬಾರಿಗೆ ಡಬ್ಬಿಯ ಹಿಂದಿನ ಇರುವೆ ಸಾಲು ಓದಿದೆ: ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು ಚರ್ಮಕ್ಕೆ ಒಂದಿಷ್ಟು ಸವರಿ ಪರೀಕ್ಷಿಸಬೇಕಂತೆ. ನಾನು 306 ಪರೀಕ್ಷೆಗೆ ಗೈರುಹಾಜರಾಗಿದ್ದೆ. ಅಮೆರಿಕದಲ್ಲಿ ಚರ್ಮದ ಅಲರ್ಜಿ ನೋಡುವ ವೈದ್ಯರ ಸಂಘವೊಂದು ವರ್ಷ ವರ್ಷವೂ 'ವರ್ಷದ ಅಲರ್ಜಿಕಾರಕ' ಎಂದು ಒಂದನ್ನು ಆರಿಸುತ್ತದೆ. 2006ರಲ್ಲಿ ಆ ಪಟ್ಟ ಈ ಪಿಪಿಡಿಗೇ ಸಂದಿತ್ತು. ಅಂದರೆ ಪ್ರಶಸ್ತಿ ವಿಜೇತರೊಬ್ಬರು ನನ್ನ ಬಚ್ಚಲಿನ ಕಪಾಟಿನಲ್ಲಿ ಇದ್ದರು, ನನಗೆ ತಿಳಿದಿರಲಿಲ್ಲ.

ಇನ್ನು, "ಅಯ್ಯೋ, ಇಷ್ಟು ಬೇಗ ಎಲ್ಲಾ ಬೆಳ್ಳಗಾಗಿಬಿಡ್ತಾ?" ಎನ್ನುವವರಿಗೆ. ಕೂದಲು ಬೆಳ್ಳಗಾಗುವುದಿಲ್ಲ ತಾಯಿ, ಬೆಳ್ಳಗೆ ಹುಟ್ಟುತ್ತದೆ. ಬುಡದಲ್ಲಿ ಬಣ್ಣ ತುಂಬುವ ಜೀವಕೋಶಗಳು ಕೆಲಸ ನಿಲ್ಲಿಸಿದ ಮೇಲೆ ಮುಂದೆ ಬರುವ ಎಳೆ ಖಾಲಿ ಬರುತ್ತದೆ. ಹೊರಗೆ ಕಾಣುವ ಕೂದಲು ಸತ್ತ ವಸ್ತು, ಅದಕ್ಕೆ ಟಿ.ವಿ. ಸೀರಿಯಲ್ಲೂ ತಟ್ಟುವುದಿಲ್ಲ, ಕರಿಬೇವೂ ತಟ್ಟುವುದಿಲ್ಲ. ಒಂದು ಕಿತ್ತರೆ ಹತ್ತು ಬರುತ್ತದೆ ಎನ್ನುವುದೂ ಸುಳ್ಳು. ಒಂದು ಕಿತ್ತರೆ ಒಂದೇ ಬರುತ್ತದೆ, ಬೆಳ್ಳಗೆ. ಟೆನ್ಷನ್ನಿಗೆ ನರೆಯುತ್ತದೆ ಎನ್ನುವ ನಿಮ್ಮ ವಾದಕ್ಕೆ ಮಾತ್ರ ಒಂದಿಷ್ಟು ಆಧಾರವಿದೆ. 2020ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಇಲಿಗಳಿಗೆ ಕಾಟ ಕೊಟ್ಟು, ಅವುಗಳ ಬಣ್ಣದ ಜೀವಕೋಶಗಳ ದಾಸ್ತಾನು ಬರಿದಾಗುವುದನ್ನು ತೋರಿಸಿದರು. ಇದು ನಿಜವಾದರೆ, "ಯಾಕ್ರೀ ಟೆನ್ಷನ್ನಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುವವರ ಪಾತ್ರವನ್ನೂ ತನಿಖೆಗೆ ಒಳಪಡಿಸಬೇಕಾಗುತ್ತದೆ.

ನೆರೆಯನ್ನು ಕಂಡು ಗಾಬರಿಯಾಗುವುದು ನಿಮ್ಮಿಂದ ಶುರುವಾದದ್ದಲ್ಲ, ಸಮಾಧಾನ ಪಟ್ಟುಕೊಳ್ಳಿ. ಜಾತಕ ಕಥೆಗಳಲ್ಲಿ ಮಿಥಿಲೆಯ ಮಖಾದೇವ ರಾಜ ತನ್ನ ಕ್ಷೌರಿಕನಿಗೆ, ತಲೆಯಲ್ಲಿ ಮೊದಲ ಬಿಳಿಗೂದಲು ಕಂಡ ದಿನ ತಿಳಿಸು ಎಂದು ಹೇಳಿಟ್ಟಿದ್ದ. ಕಂಡ ದಿನ ಕ್ಷೌರಿಕ ಅದನ್ನು ಚಿನ್ನದ ಚಿಮಟದಲ್ಲಿ ಕಿತ್ತು ರಾಜನ ಅಂಗೈ ಮೇಲಿಟ್ಟ. ರಾಜ ಸಿಂಹಾಸನ ಬಿಟ್ಟು ಸನ್ಯಾಸಿಯಾದ. ಹೋಗುವ ಮುಂಚೆ ಕ್ಷೌರಿಕನಿಗೆ ಲಕ್ಷ ಆದಾಯದ ಒಂದು ಊರನ್ನೇ ಬಿಟ್ಟುಕೊಟ್ಟ. ಒಂದು ಕೂದಲಿಗೆ ಒಂದು ಊರು! ನೀವೆಲ್ಲ ಈ ಹದಿನೆಂಟು ತಿಂಗಳಲ್ಲಿ ನನಗೆ ತೋರಿಸಿಕೊಟ್ಟ ಬಿಳಿಗೂದಲಿಗೆ ಆ ದರದಲ್ಲಿ ಲೆಕ್ಕ ಚುಕ್ತಾ ಮಾಡಬೇಕೆಂದರೆ ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕು ಸಾಲುವುದಿಲ್ಲ. ಕಾಳಿದಾಸನ ದಶರಥನಿಗೂ ಕಿವಿಯ ಬಳಿಯ ನೆರೆಯೇ ರಾಜ್ಯವನ್ನು ಮಗನಿಗೆ ಒಪ್ಪಿಸು ಎಂದು ಪಿಸುಗುಟ್ಟಿತು. ಬಸವಣ್ಣನವರು ಮುಪ್ಪಿಗೆ ಮೊದಲೇ ದೇವರನ್ನು ನೆನೆ ಎನ್ನುವ ವಚನವನ್ನು ನೆರೆಯಿಂದಲೇ ಶುರುಮಾಡಿದರು. ನಮ್ಮ ಪರಂಪರೆಯಲ್ಲಿ ನೆರೆ ಕಂಡವರು ಕಾಡಿಗೆ ಹೋಗಿದ್ದಾರೆ, ಪೂಜೆಗೆ ಕೂತಿದ್ದಾರೆ. ಮೆಡಿಕಲ್ ಶಾಪಿಗೆ ಓಡಿದ ದಾಖಲೆ ನನಗೆ ಸಿಕ್ಕಿಲ್ಲ. ನಾನು ಕಾಡಿಗೆ ಹೋಗುವಂತಿಲ್ಲ, ಹೌಸಿಂಗ್ ಲೋನ್ ಇನ್ನೂ ನಾಲ್ಕು ವರ್ಷ ಇದೆ.

ಬಿಟ್ಟ ಮೇಲಿನ ಕಷ್ಟ ಬೇರೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನನ್ನ ಜಡೆ ಅರವತ್ತು ಸೆಂಟಿಮೀಟರ್ ಇತ್ತು. ಕತ್ತರಿಸದೆ ಪೂರ್ತಿ ಬಿಳಿಯಾಗಬೇಕೆಂದರೆ ಐದು ವರ್ಷ, ಒಂದು ಲೋಕಸಭೆಯ ಅವಧಿ. ಅಲ್ಲಿಯವರೆಗೆ ಸಮ್ಮಿಶ್ರ ಸರ್ಕಾರ. ಬುಡದಲ್ಲಿ ಬಿಳಿ, ನಡುವೆ ಕಾಡಿಗೆ ಕಪ್ಪು, ತುದಿಯಲ್ಲಿ ಹಳೇ ಬಣ್ಣ ಮಾಸಿ ತೆಂಗಿನ ನಾರಿನ ಕೆಂಪು. ಬಿಳಿ ಮತ್ತು ಕಪ್ಪು ಸೇರುವಲ್ಲಿ ಅಡಿಕೋಲಿಟ್ಟು ಎಳೆದ ಹಾಗೆ ಒಂದು ಗಡಿ. ಬೆಳಗಾವಿ ಗಡಿಗಾದರೆ 1966ರಲ್ಲಿ ಮಹಾಜನ್ ಆಯೋಗ ಕೂತು ಮರುವರ್ಷವೇ ವರದಿ ಕೊಟ್ಟಿತು. ಅದನ್ನು ಒಪ್ಪುವುದು ಬಿಡುವುದು ಆಮೇಲಿನ ಮಾತು. ನನ್ನ ಗಡಿ ತಿಂಗಳಿಗೊಂದು ಸೆಂಟಿಮೀಟರ್ ದಕ್ಷಿಣಕ್ಕೆ ಸರಿಯುತ್ತಲೇ ಇತ್ತು, ಪ್ರತಿಭಟನೆ ಮಾತ್ರ ದಿನವೂ. ಪಾರ್ಲರಿನ ಹುಡುಗಿ ಐಬ್ರೋ ಮಾಡುತ್ತ ಮಾಡುತ್ತ "ಅಕ್ಕಾ, ಒಂದೇ ಒಂದು ಟಚ್‌ಅಪ್?" ಎಂದು ಎಷ್ಟು ಪ್ರೀತಿಯಿಂದ ಕೇಳುತ್ತಿದ್ದಳೆಂದರೆ, ಎರಡು ಸಲ ಬಾಯಿಗೆ ಬಂದ 'ಹೂಂ' ಅನ್ನು ನುಂಗಿದ್ದೇನೆ. ಕೊನೆಗೆ ಅವಳಿಗೇ ಹೇಳಿ ಜಡೆಯನ್ನು ಭುಜದವರೆಗೆ ಕತ್ತರಿಸಿಕೊಂಡೆ. ನೆಲದ ಮೇಲೆ ಬಿದ್ದ ಕಪ್ಪು ಕೂದಲು ಯಾರದೋ ಅನ್ನಿಸಿತು. ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ.

ಮುತ್ತೈದೆ ಹೀಗಿರಬಾರದು ಎಂದ ಚಿಕ್ಕತ್ತೆಯವರೇ, ನಿಮಗೆ ಪ್ರತ್ಯೇಕ ಉತ್ತರ. ಛತ್ರದಲ್ಲಿ ಎರಡನೇ ಪಂಕ್ತಿಗೆ ಕೂತಾಗ ನೀವು ಹಿಂದಿನಿಂದ ಬಂದು ನನ್ನ ಬೈತಲೆಯನ್ನು ತೋರುಬೆರಳಲ್ಲಿ ಬಿಡಿಸಿ ನೋಡಿ, "ಗಂಡ ಗಟ್ಟಿಯಾಗಿರುವಾಗ ಇದೇನೇ ಅವತಾರ?" ಎಂದಿರಿ. ಎಲೆಗೆ ಹೋಳಿಗೆ ಬೀಳುತ್ತಿತ್ತು, ಸುಮ್ಮನಿದ್ದೆ. ಆ ಗಟ್ಟಿಯಾದ ಗಂಡನ ತಲೆ ಹತ್ತು ವರ್ಷದಿಂದ ಹತ್ತಿಯ ಹಾಗಿದೆ. ಅದನ್ನು ನೋಡಿ "ಅಳಿಯಂದಿರಿಗೆ ಏನು ಕಳೆ!" ಎಂದವರೂ ನೀವೇ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್ ಬೊಕ್ಕತಲೆ, ಬಿಳಿಗಡ್ಡದಲ್ಲಿ ಸಭೆಗೆ ಬಂದರೆ ಸರಳತೆ. ನಾನು ಬಂದರೆ ಅಸಡ್ಡೆ.

ಆದರೆ ಯಜಮಾನರ ವಿಷಯದಲ್ಲಿ ಒಂದು ಬೆಳವಣಿಗೆ ಆಗಿದೆ. ನಾನು ಕಪ್ಪಗಿದ್ದಷ್ಟು ದಿನ ಅವರ ಬಿಳಿ ಅವರೊಬ್ಬರದಾಗಿತ್ತು. ಈಗ ಜನ ನನ್ನ ತಲೆ ನೋಡಿ ಅವರ ವಯಸ್ಸು ಅಂದಾಜು ಮಾಡತೊಡಗಿದ್ದಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಬಚ್ಚಲಿಂದ ಹೊರಬಂದಾಗ ಅವರ ಮೀಸೆ ಕಾಗೆಯ ರೆಕ್ಕೆಯಂತೆ ಹೊಳೆಯುತ್ತಿತ್ತು. ನಾನು ಏನೂ ಕೇಳಲಿಲ್ಲ. ಅವರೂ ಏನೂ ಹೇಳಲಿಲ್ಲ. ಮಗನ ಆ ಹಳೆ ಟೂತ್‌ಬ್ರಷ್ ಮಾತ್ರ ಜಾಗ ಬದಲಾಗಿತ್ತು.

ಲಾಭ ಏನಾದರೂ ಆಗಿದೆಯೇ ಎಂದು ಕೇಳುವ ವ್ಯವಹಾರಸ್ಥರಿಗೆ ಹೇಳುವುದಾದರೆ, ಹೆಚ್ಚಿಲ್ಲ. ಹಿರಿಯ ನಾಗರಿಕರ ಠೇವಣಿಗೆ ಬ್ಯಾಂಕು ಕೊಡುವ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿ ಕೂದಲು ನೋಡಿ ಕೊಡುವುದಿಲ್ಲ, ಅರವತ್ತು ತುಂಬಬೇಕು. ಬಸ್ಸಿನಲ್ಲಿ ಸೀಟು ಸಿಗುತ್ತದೆ. ಟಿಕೆಟ್ಟಿಗೆ ದುಡ್ಡು ಹೇಗೂ ಇಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆಲ್ಲ ಶಕ್ತಿ ಬಂದಿದೆಯಲ್ಲ. ಆ ಶಕ್ತಿಗೂ ಒಮ್ಮೆ ಕುತ್ತು ಬಂತು. ಚಿಕ್ಕಮಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಅಮ್ಮಾ, ಇದು ನಿಮ್ಮ ಮಗಳ ಕಾರ್ಡು. ನಿಮ್ಮದು ಕೊಡಿ" ಎಂದ. ನನಗಿರುವುದು ಒಬ್ಬ ಮಗ. ಹುಟ್ಟಿದ ಇಸವಿ ನೋಡಪ್ಪ, 1971 ಎಂದೆ. ಗಲ್ಲದ ಮೇಲಿನ ಮಚ್ಚೆ ತೋರಿಸಿದೆ. ಶೂನ್ಯ ಟಿಕೆಟ್ ಹರಿದುಕೊಟ್ಟು, ದನಿ ತಗ್ಗಿಸಿ, "ಪಾಪ, ಏನಾಯ್ತಮ್ಮಾ?" ಎಂದು ಕೇಳಿದ.

ಬ್ರಾಂಚಿನಲ್ಲಿ ಒಂದು ಬದಲಾವಣೆ ನಿಜ. ಹಳ್ಳಿಯಿಂದ ಬರುವವರು ಮೂರು ಕೌಂಟರ್ ಖಾಲಿ ಇದ್ದರೂ ನನ್ನ ಮುಂದೆ ಸಾಲು ನಿಲ್ಲುತ್ತಾರೆ. "ಬಿಳೇ ತಲೆ ಮೇಡಂ ಹತ್ರ ಹೋಗು, ಸರ್ಯಾಗ್ ಹೇಳ್ತಾರೆ." ಎರಡು ವರ್ಷದ ಹಿಂದೆ ನನಗೆ ಗೊತ್ತಿದ್ದಷ್ಟೇ ಈಗಲೂ ಗೊತ್ತಿರುವುದು. ಆಗ ಕೇಳದವರು ಈಗ ನಾನು ಹೇಳಿದ್ದನ್ನು ತಲೆಯಾಡಿಸಿ ಒಪ್ಪುತ್ತಾರೆ, ತಪ್ಪು ಹೇಳಿದಾಗಲೂ.

ನಿಮ್ಮಲ್ಲೇ ಇನ್ನೊಂದು ಗುಂಪಿದೆ, ಚಿಕ್ಕದು, ಆದರೆ ಹೆಚ್ಚು ಅಪಾಯಕಾರಿ. "ವಾವ್, ಎಷ್ಟು ಧೈರ್ಯ ನಿಮ್ಮದು!" ಎನ್ನುವವರು. ಬೆನ್ನು ತಟ್ಟುವವರಲ್ಲಿ ಒಬ್ಬರ ತಲೆಯಲ್ಲೂ ಒಂದೂ ಬಿಳಿ ಎಳೆ ಕಾಣುವುದಿಲ್ಲ ಎನ್ನುವುದನ್ನು ಗಮನಿಸಿದ್ದೇನೆ. ಗಡಿಯಲ್ಲಿ ಕಾಯುವ ಸೈನಿಕರನ್ನು ಊರಲ್ಲಿ ಕೂತು ಹೊಗಳುವ ಹಾಗೆ. ನನಗೆ ಕಣ್ಣು ಊದಿತ್ತು, ಅದಕ್ಕೆ ಬಿಟ್ಟೆ. ನಾಳೆ ಯಾರಾದರೂ ಕಣ್ಣೂ ಊದದ, ಕೈಯೂ ಕಪ್ಪಾಗದ ಬಣ್ಣ ಕಂಡುಹಿಡಿದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಈಗಲೂ ಫೋಟೊಕ್ಕೆ ನಿಲ್ಲುವಾಗ ಹಿಂದಿನ ಸಾಲು ಹುಡುಕುತ್ತೇನೆ.

ಇಷ್ಟೆಲ್ಲ ನಿಮ್ಮನ್ನು ಆಡಿಕೊಂಡ ಮೇಲೆ ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ನನಗೆ ಏಳು ವರ್ಷ. ನನ್ನಮ್ಮ ನೆರೆಮನೆಯವರ ಜತೆ ಹೋಗಿ ರಸ್ತೆ ಬದಿಯಲ್ಲಿ ನಿಂತು ನೋಡಿಕೊಂಡು ಬಂದಿದ್ದಳು. ಭಾಷಣ ಏನು, ಓಟು ಯಾರಿಗೆ, ಅದೊಂದೂ ಅವಳ ಬಾಯಲ್ಲಿ ಬರಲಿಲ್ಲ. "ಇಲ್ಲಿಂದ ಇಲ್ಲೀವರೆಗೆ ಒಂದು ಬಿಳೀ ಪಟ್ಟೆ ಕಣೇ, ಬಾಚಿ ಬಿಟ್ಟಿದಾಳೆ, ಬಚ್ಚಿಟ್ಟಿಲ್ಲ" ಎಂದು ತನ್ನ ಹಣೆಯಿಂದ ತುರುಬಿನವರೆಗೆ ಬೆರಳು ಎಳೆದು ತೋರಿಸಿದ್ದಳು. ಮುಂದೆ ಅವಳಿಗೂ ಹಣೆಯ ಮೇಲೆ ಅಂಥದೇ ಒಂದು ಪಟ್ಟೆ ಬಂತು. ಅವಳು ಅದನ್ನು ಮುಚ್ಚಲಿಲ್ಲ. ಎಣ್ಣೆ ಹಾಕಿ ಬಾಚಿ, ಕನ್ನಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ನೋಡಿಕೊಳ್ಳುತ್ತಿದ್ದಳು.

1999ರಲ್ಲಿ ತಮ್ಮನ ಮದುವೆ. ಹೆಣ್ಣಿನ ಕಡೆಯವರು ಏನೆಂದುಕೊಳ್ಳುತ್ತಾರೋ ಎಂದು, ಹಿಂದಿನ ದಿನ ಮಧ್ಯಾಹ್ನ ಅವಳನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಬಣ್ಣ ಹಚ್ಚಿದವಳು ನಾನು. ಬೇಡ ಎಂದಳು, "ಸುಮ್ನಿರಮ್ಮ, ನಿಂಗೊತ್ತಾಗಲ್ಲ" ಎಂದೆ. ನೀವು ಈಗ ನನಗೆ ಹೇಳುವ ಧಾಟಿಯಲ್ಲೇ, ಅಷ್ಟೇ ಪ್ರೀತಿಯಿಂದ. ತಲೆ ತೊಳೆದು ಟವೆಲಿನಲ್ಲಿ ಒರೆಸಿ ಕನ್ನಡಿ ಕೈಗೆ ಕೊಟ್ಟಾಗ ಅಮ್ಮ ಒಂದು ಸಲ ನೋಡಿ, "ಹೋದ್ಲು ಇಂದಿರಾ ಗಾಂಧಿ" ಎಂದು ಕನ್ನಡಿಯನ್ನು ಬೋರಲು ಹಾಕಿದಳು. ಎಲ್ಲರೂ ನಕ್ಕೆವು. ಮದುವೆ ಆಲ್ಬಮ್ಮಿನಲ್ಲಿ ಅವಳ ಹಣೆಯ ಮೇಲೆ ಒಂದು ಕಪ್ಪು ಕಲೆ ಇದೆ, ನಾನು ವ್ಯಾಸಲೀನ್ ಹಚ್ಚಲು ಮರೆತ ಜಾಗ.

ಆದ್ದರಿಂದ ನಿಮ್ಮಲ್ಲಿ ಯಾರ ಮೇಲೂ ನನಗೆ ಕೋಪವಿಲ್ಲ. ಗರುಗದ ಎಣ್ಣೆ ಬಾಟಲಿ ತೊಳೆದಿಟ್ಟಿದ್ದೇನೆ, ಯಾರನ್ನಾದರೂ ಕಳಿಸಿ.

ಇಂತಿ,
ನಿಮ್ಮ ನೆರೆಯವಳು

ವಿ.ಸೂ.: ಬಚ್ಚಲಿನ ಕಪಾಟಿನಲ್ಲಿ ಅವಧಿ ಮುಗಿಯದ ಆರು ಪೊಟ್ಟಣ ಉಳಿದಿದ್ದವು. ಈಗ ಎಣಿಸಿದರೆ ಐದಿವೆ. ಬೇಕಾದವರು ಭಾನುವಾರದೊಳಗೆ ಬಂದು ಒಯ್ಯುವುದು. ತಡವಾದರೆ ಮೀಸೆಯವರು ಬಿಡುವುದಿಲ್ಲ.